ಸುಣ್ಣ ತಿಂದ ದೋಣಿ

ನನ್ನ ಬಾಮೈದ ಪಾಂಡವಪುರದ ಕಡೆಯ ಒಂದು ಕೆರೆಯಲ್ಲಿ ಮೀನು ಸಾಕುವ ಗುತ್ತಿಗೆ ಹಿಡಿದಿದ್ದಾನೆ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯ ಮರಿಗಳನ್ನು ಬಿಟ್ಟು, ಮೇವು ಹಾಕಿ, ಕೆರೆ ಇಳಿಯುವ ಹೊತ್ತಿಗೆ ಬಲೆ ಎಳೆಯುವುದು ಅವನ ವರ್ಷದ ಕೆಲಸ. ಮೊದಲು ಹರಿಗೋಲಿನಲ್ಲಿಯೇ ಓಡಾಡುತ್ತಿದ್ದವನು ಮೂರು ವರ್ಷಗಳ ಹಿಂದೆ, ಮುಚ್ಚಿಹೋದ ಒಂದು ರೆಸಾರ್ಟಿನವರು ಮಾರಾಟಕ್ಕಿಟ್ಟಿದ್ದ 12 ಅಡಿಯ ಅಲ್ಯೂಮಿನಿಯಂ ದೋಣಿಯನ್ನು ಕೊಂಡು ಟ್ರ್ಯಾಕ್ಟರಿನ ಮೇಲೆ ಹೇರಿಕೊಂಡು ಬಂದ. ಕಳೆದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಫೋನ್ ಮಾಡಿ, “ಭಾವ, ದೋಣಿ ಸೋರ್ತಾ ಅದೆ. ಗಂಟೆಗೆ ಮೂರು ಬಕೀಟು ನೀರು ಎತ್ತಿ ಚೆಲ್ಬೇಕು. ಟಾರು ಬಳ್ಸಿದ್ದಾಯ್ತು, ನಿಲ್ಲಲಿಲ್ಲ. ನೀವೇ ಬಂದು ಒಂದ್ಸಲ ನೋಡ್ಬೇಕು” ಎಂದ.

ನಾನು ಮೈಸೂರಿನಲ್ಲಿ ಐಟಿಐ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿ ನಿವೃತ್ತನಾದವನು. ತಗಡು, ತಗಡುಗಳನ್ನು ಜೋಡಿಸುವ ಮೊಳೆಯಂಥ ರಿವೆಟ್, ಡ್ರಿಲ್ ಇವೆಲ್ಲ ಮೂವತ್ತು ವರ್ಷ ಕೈಯಲ್ಲಿ ಆಡಿದ ವಸ್ತುಗಳು; ಆದರೆ ದೋಣಿಯ ತಳವನ್ನು ಅಲ್ಲಿಯವರೆಗೆ ಮುಟ್ಟಿ ನೋಡಿದವನಲ್ಲ. ಕಾರಂಜಿ ಕೆರೆಯಲ್ಲಿ ಮೊಮ್ಮಗಳೊಂದಿಗೆ ಪೆಡಲ್ ತುಳಿದದ್ದು, ರಂಗನತಿಟ್ಟಿನಲ್ಲಿ ದೋಣಿಯ ಅಂಚಿನಲ್ಲಿ ಕುಳಿತು ಮೊಸಳೆ ನೋಡಿದ್ದು, ಇಷ್ಟೇ ನನಗೂ ದೋಣಿಗೂ ಇದ್ದ ಸಂಬಂಧ. ಆದರೂ ಒಪ್ಪಿಕೊಂಡೆ. ಒಂದು ದಿನದ ಕೆಲಸವೆಂದು ಹೋದದ್ದು ಮೂರು ವಾರ ಹಿಡಿಯಿತು. ಅದರಲ್ಲಿ ಮೊದಲ ವಾರ ಪೂರ್ತಿಯಾಗಿ ನನ್ನ ತಪ್ಪಿನಿಂದಲೇ ಹಾಳಾಯಿತು. ಇಂಥ ಸಣ್ಣ ದೋಣಿಗಳನ್ನು ಸ್ವಂತ ಕೈಯಿಂದ ದುರಸ್ತಿ ಮಾಡಿಕೊಳ್ಳಬೇಕೆನ್ನುವವರಿಗೆ ಆ ತಪ್ಪೂ ಉಪಯೋಗಕ್ಕೆ ಬಂದೀತೆಂದು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಕಡೆ ಹರಿಗೋಲು ಸೋರಿದರೆ ಟಾರು ಕಾಯಿಸಿ ಬಳಿಯುತ್ತಾರೆ. ಬಿದಿರಿನ ಹೆಣಿಗೆಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲದ ಬಟ್ಟೆ ಹೊದಿಸಿ ಅದರ ಮೇಲೆ ಟಾರು ಹಚ್ಚುತ್ತಾರೆ. ಬಟ್ಟೆ ಟಾರನ್ನು ಹೀರಿಕೊಂಡು ಎರಡೂ ಒಂದಾಗುವುದರಿಂದ ಅಲ್ಲಿ ಅದು ಸರಿಯಾದ ಮದ್ದು. ನುಣುಪಾದ ಅಲ್ಯೂಮಿನಿಯಂ ತಗಡಿಗೆ ಹೀರುವ ಗುಣವಿಲ್ಲ. ಅದರ ಮೇಲೆ ಟಾರು ಕಂಬಳಿ ಹೊದ್ದಂತೆ ಕುಳಿತಿರುತ್ತದೆಯೇ ಹೊರತು ಕಚ್ಚಿಕೊಳ್ಳುವುದಿಲ್ಲ. ಬಾಮೈದನ ಆಳುಗಳು ತಳದ ಅರ್ಧಕ್ಕೂ ಹೆಚ್ಚು ಭಾಗಕ್ಕೆ ಈ ಕಂಬಳಿಯನ್ನು ಹೊದಿಸಿಬಿಟ್ಟಿದ್ದರು. ಅದನ್ನು ತೆಗೆಯುವ ಕೆಲಸದಲ್ಲಿ ಒಂದು ವಿಷಯ ಕಲಿತೆ: ಬೆಳಗಿನ ಏಳು ಗಂಟೆಯ ತಂಪಿನಲ್ಲಿ ಟಾರು ಬಿರುಸಾಗಿರುತ್ತದೆ, ಮರದ ಬೆಣೆಯಿಂದ ತಟ್ಟಿದರೆ ಹೆಂಚಿನ ಚೂರಿನಂತೆ ಸಿಡಿದು ಬರುತ್ತದೆ, ಹನ್ನೊಂದು ಗಂಟೆಯ ಬಿಸಿಲಿಗೆ ಅದೇ ಟಾರು ಹಲಸಿನ ಅಂಟಿನಂತಾಗಿ ಕೈಗೂ ಮೈಗೂ ಹತ್ತುತ್ತದೆ. ಉಳಿದ ಕಲೆಯನ್ನು ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಬೆಂಕಿ ಹಿಡಿದು ಕರಗಿಸುವುದಾಗಲಿ, ಕಬ್ಬಿಣದ ಉಳಿಯಿಂದ ಕೆರೆಯುವುದಾಗಲಿ ಬೇಡ. ಕಬ್ಬಿಣ ಉಜ್ಜಿದ ಬ್ರಷ್ಷನ್ನು ಅಲ್ಯೂಮಿನಿಯಮ್ಮಿಗೆ ಹಾಕಿದರೆ ಕಬ್ಬಿಣದ ಕಣಗಳು ಮೆತ್ತನೆಯ ತಗಡಿನೊಳಗೆ ನಾಟಿಕೊಂಡು ಮುಂದೆ ತುಕ್ಕಿನ ಚುಕ್ಕೆಗಳಾಗುತ್ತವೆ, ಆದ್ದರಿಂದ ಇದಕ್ಕೆಂದೇ ಒಂದು ಹೊಸ ಸ್ಟೇನ್‌ಲೆಸ್ ತಂತಿಯ ಬ್ರಷ್ ಇಟ್ಟುಕೊಳ್ಳಬೇಕು.

ನನ್ನ ತಪ್ಪು ನಡೆದದ್ದು ಇಲ್ಲಿಯೇ. ಜೋಡಣೆಗಳ ಉದ್ದಕ್ಕೂ, ರಿವೆಟ್ ಸಾಲುಗಳ ಮೇಲೆ ಮಾತ್ರ ಟಾರನ್ನು ತೆಗೆದೆ. ನಡುತಳದಲ್ಲಿ ಎರಡು ಅಡಿ ಚೌಕದಷ್ಟು ಟಾರು ಗಟ್ಟಿಯಾಗಿ, ಒಣಗಿಕೊಂಡು ಕೂತಿತ್ತು. ಅಲ್ಲಿ ಜೋಡಣೆಯೂ ಇಲ್ಲ, ರಿವೆಟ್ಟೂ ಇಲ್ಲ, ಬರೀ ಸಪಾಟು ತಗಡು ಎಲ್ಲಿ ಸೋರೀತು ಎಂದುಕೊಂಡು ಬಿಟ್ಟುಬಿಟ್ಟೆ.

ಸೋರುವ ಜಾಗವನ್ನು ಹುಡುಕುವ ಕ್ರಮ ಸುಲಭವಾದದ್ದು. ದೋಣಿಯನ್ನು ನೆಲದ ಮೇಲೆ ನೆಟ್ಟಗೆ ಇಟ್ಟು, ಕೆಳಗೆ ಬಗ್ಗಿ ನೋಡುವಷ್ಟು ಎತ್ತರ ಕೊಟ್ಟು, ಒಳಗೆ ನೀರು ತುಂಬಿ, ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ, ಎಲ್ಲಿ ಹನಿ ಮೂಡುತ್ತದೆಂದು ಕಾಯುವುದು. ಆದರೆ ನೀರಿನ ತೂಕವನ್ನು ಮರೆಯಬಾರದು. ನೀರಿನಲ್ಲಿರುವಾಗ ದೋಣಿಗೆ ಹೊರಗಿನ ನೀರೇ ಆಸರೆಯಾಗಿರುತ್ತದೆ; ನೆಲದ ಮೇಲೆ ಆ ಆಸರೆ ಇರುವುದಿಲ್ಲ. ಮೂರು ಮೀಟರ್ ಉದ್ದ, 1.2 ಮೀಟರ್ ಅಗಲದ ತಳದಲ್ಲಿ ಐದೇ ಸೆಂಟಿಮೀಟರ್ ನೀರು ನಿಲ್ಲಿಸಿದರೂ 180 ಲೀಟರ್, ಅಂದರೆ 180 ಕಿಲೋ ಭಾರ. ಆದ್ದರಿಂದ ಮರಳು ತುಂಬಿದ ಚೀಲಗಳನ್ನೋ ಹಳೆಯ ಟಯರುಗಳನ್ನೋ ತಳದ ನಡುವೆ ಉದ್ದಕ್ಕೆ ಹೋಗುವ ನಡುಗೂಟದ ಕೆಳಗೂ ಅಡ್ಡಪಟ್ಟಿಗಳಾದ ಪಕ್ಕೆಲುಬುಗಳ ಕೆಳಗೂ ಸರಿಯಾಗಿ ಕೊಟ್ಟು, ಅಂಗೈ ಆಳದಷ್ಟು ನೀರಿಗೆ ನಿಲ್ಲಿಸಬೇಕು. ನೀರಿಗೆ ಒಂದು ಹಿಡಿ ಸೋಪಿನ ಪುಡಿ ಬೆರೆಸಿದರೆ ಅದು ಇನ್ನೂ ಸಣ್ಣ ಸಂದಿಯಲ್ಲಿ ನುಸುಳುತ್ತದೆ. ಹನಿ ಕಂಡಲ್ಲಿ ಮಾರ್ಕರ್ ಪೆನ್ನಿನಿಂದ ಸುತ್ತು ಹಾಕಬೇಕು, ಸೀಸದ ಕಡ್ಡಿಯಿಂದ ಹಾಕಬಾರದು. ಪೆನ್ಸಿಲಿನ ಕಪ್ಪು ಗ್ರಾಫೈಟ್ ಆಗಿರುವುದರಿಂದ, ಒದ್ದೆಯಲ್ಲಿ ಅದು ಅಲ್ಯೂಮಿನಿಯಮ್ಮಿನೊಂದಿಗೆ ಸೇರಿ ಒಂದು ಪುಟ್ಟ ಬ್ಯಾಟರಿಯಂತೆ ವರ್ತಿಸಿ ಗೆರೆ ಎಳೆದಲ್ಲೆಲ್ಲ ತಗಡನ್ನು ತಿನ್ನಬಲ್ಲದು.

ಆ ಸಂಜೆ ಬಲಬದಿಯ ರಿವೆಟ್ ಸಾಲಿನಲ್ಲಿ ಒಂಬತ್ತು ಕಡೆ ಹನಿ ಕಂಡಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ, ಏಕೆಂದರೆ ರಿವೆಟ್ ನನಗೆ ಗೊತ್ತಿರುವ ವಿದ್ಯೆ.

ಸಡಿಲಾದ ರಿವೆಟ್ಟನ್ನು ಕಣ್ಣಿನಿಂದಲೇ ಗುರುತಿಸಬಹುದು. ಅದರ ತಲೆಯ ಸುತ್ತ ಕಾಡಿಗೆ ಹಚ್ಚಿದಂತೆ ಕಪ್ಪು ಉಂಗುರವಿರುತ್ತದೆ. ತಗಡೂ ರಿವೆಟ್ಟೂ ಒಂದಕ್ಕೊಂದು ಉಜ್ಜಿ ಬಂದ ಅಲ್ಯೂಮಿನಿಯಂ ಪುಡಿಯೇ ಆ ಕಪ್ಪು. ಇಂಥ ರಿವೆಟ್ಟುಗಳಲ್ಲಿ ಹೆಚ್ಚಿನವನ್ನು ತೆಗೆಯಬೇಕಾಗಿಯೇ ಇಲ್ಲ, ಮತ್ತೆ ಬಿಗಿ ಮಾಡಿದರೆ ಸಾಕು. ಇದಕ್ಕೆ ಇಬ್ಬರು ಬೇಕು. ಒಬ್ಬನು ಒಳಗಿನಿಂದ ಎರಡು ಮೂರು ಕಿಲೋ ತೂಕದ ಡಾಲಿಯನ್ನು, ಅಂದರೆ ನಯಮಾಡಿದ ಉಕ್ಕಿನ ಗಟ್ಟಿಯನ್ನು, ರಿವೆಟ್ಟಿನ ಬಾಲಕ್ಕೆ ಒತ್ತಿ ಹಿಡಿದಿರಬೇಕು; ಇನ್ನೊಬ್ಬನು ಹೊರಗಿನಿಂದ ತಲೆಗೆ ಹೊಂದುವ ಗುಳಿಯುಳ್ಳ ಉಕ್ಕಿನ ಅಚ್ಚನ್ನು, ಅಂದರೆ ಸ್ನ್ಯಾಪನ್ನು, ಇಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಬಾಮೈದ ಒಳಗೆ ಮಲಗಿ ಡಾಲಿ ಹಿಡಿದ, ನಾನು ಹೊರಗೆ ಕೂತು ಹೊಡೆದೆ. ಮೊದಲ ಏಟಿಗೆ ಒಡಕು ಮಡಕೆಯಂಥ ಸದ್ದು ಬರುತ್ತದೆ, ನಾಲ್ಕೈದನೆಯ ಏಟಿಗೆ ಸದ್ದು ಒಮ್ಮೆಲೇ ಗಟ್ಟಿಯಾಗುತ್ತದೆ. ಆ ಬದಲಾವಣೆ ಕಿವಿಗೆ ಬಿದ್ದೊಡನೆ ಕೈ ನಿಲ್ಲಿಸಬೇಕು. ಅದರ ಮೇಲೂ ಹೊಡೆದರೆ ರಿವೆಟ್ ಬಿಗಿಯುವ ಬದಲು ಸುತ್ತಲಿನ ತಗಡು ತಗ್ಗಾಗಿ, ಪಕ್ಕದ ರಿವೆಟ್ ಸಡಿಲಾಗುತ್ತದೆ. ಐಟಿಐಯಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಪ್ರತಿ ತಂಡದಲ್ಲಿ ಒಬ್ಬ ಹುಡುಗ ಏಳನೆಯ ಏಟನ್ನು ಹೊಡೆದೇ ತೀರುತ್ತಿದ್ದ.

ಒಂಬತ್ತರಲ್ಲಿ ಎರಡು ಸವೆದುಹೋಗಿದ್ದವು. ಅಂಥವುಗಳ ತಲೆಯ ನಡುವೆ ಸೆಂಟರ್ ಪಂಚ್ ಹಾಕಿ, ತಲೆಯ ದಪ್ಪದಷ್ಟು ಮಾತ್ರ ಡ್ರಿಲ್ ಮಾಡಿ, ತಲೆಯನ್ನು ಹಾರಿಸಿ, ಕಾಂಡವನ್ನು ಒಳಕ್ಕೆ ತಟ್ಟಿ ಬೀಳಿಸಬೇಕು. ಪೂರ್ತಿ ಡ್ರಿಲ್ ಮಾಡಹೋದರೆ ರಿವೆಟ್ ತಿರುಗುತ್ತಾ ತೂತನ್ನು ಅಗಲ ಮಾಡುತ್ತದೆ. ಹೊಸ ಗಟ್ಟಿ ರಿವೆಟ್ಟಿನ ಕಾಂಡ ತಗಡಿನಿಂದ ಆಚೆಗೆ ತನ್ನ ದಪ್ಪದ ಒಂದೂವರೆ ಪಟ್ಟು ಚಾಚಿರಬೇಕು, 4.8 ಮಿ.ಮೀ. ರಿವೆಟ್ಟಿಗೆ ಸುಮಾರು ಏಳು ಮಿ.ಮೀ. ಎಂದು ಲೆಕ್ಕ. ಒಳಗಿನಿಂದ ಕೈ ಹೋಗದ ಜಾಗಕ್ಕೆ ಹೊರಗಿನಿಂದಲೇ ಬಿಗಿಯುವ ಪಾಪ್ ರಿವೆಟ್ ಹಾಕಬಹುದು. ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ ಪಾಪ್ ರಿವೆಟ್ಟಿನ ನಡುವೆ ತೂತಿರುತ್ತದೆ. ಬೋರ್ಡು ಹೊಡೆಯಲು ಅದು ಸಾಕು, ದೋಣಿಗೆ ಹಾಕಿದರೆ ಒಂದು ಸೋರಿಕೆಯನ್ನು ಮುಚ್ಚಿ ಇನ್ನೊಂದನ್ನು ತೆರೆದಂತೆ. ತುದಿ ಮುಚ್ಚಿದ ಬಗೆಯದನ್ನೇ ಕೇಳಿ ತರಬೇಕು. ಯಾವುದನ್ನೇ ಹಾಕಿದರೂ ಪಾಲಿಯುರೆಥೇನ್ ಸೀಲೆಂಟಿನಲ್ಲಿ, ಅಂದರೆ ಸಂದಿ ಮುಚ್ಚುವ ಅಂಟಿನಲ್ಲಿ, ಅದ್ದಿ ಹಾಕಬೇಕು. ಬಚ್ಚಲುಮನೆಯ ಟೈಲ್ಸಿಗೆ ಬಳಸುವ, ವಿನಿಗರ್ ವಾಸನೆ ಬರುವ ಸಿಲಿಕೋನನ್ನು ದಯವಿಟ್ಟು ದೋಣಿಯ ಹತ್ತಿರ ತರಬೇಡಿ. ಆ ವಾಸನೆ ಅಸಿಟಿಕ್ ಆಮ್ಲದ್ದು, ಅದು ಲೋಹಕ್ಕೆ ಒಳ್ಳೆಯದಲ್ಲ. ಮೇಲಾಗಿ ಒಮ್ಮೆ ಸಿಲಿಕೋನ್ ಹತ್ತಿದ ಜಾಗಕ್ಕೆ ಮುಂದೆ ಬಣ್ಣವಾಗಲಿ ಬೇರೆ ಅಂಟಾಗಲಿ ಹಿಡಿಯುವುದಿಲ್ಲ. ಪಾಲಿಯುರೆಥೇನ್ ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವ ವಸ್ತುವಾದ್ದರಿಂದ ನಮ್ಮ ಏಪ್ರಿಲ್‌ನ ಒಣಹವೆಯಲ್ಲಿ ನಿಧಾನಿಸುತ್ತದೆ. ಒಂದು ವಾರ ಮುಟ್ಟದೆ ಬಿಟ್ಟೆವು.

ವಾರದ ಬಳಿಕ ದೋಣಿಯನ್ನು ಕೆರೆಗೆ ಇಳಿಸಿದಾಗ ಏರಿಯ ಮೇಲೆ ಹತ್ತು ಜನ ಸೇರಿದ್ದರು. ಅರ್ಧ ಗಂಟೆಯಲ್ಲಿ ನೀರು ಹಲಗೆಯ ಸಂದಿಯಿಂದ ಮೇಲೆ ಬಂತು. ಹರಿಗೋಲು ಹಾಕಿಯೇ ಮುದುಕರಾದ ಒಬ್ಬ ಅಜ್ಜ ದಡದಲ್ಲಿ ಕೂತು ಬೀಡಿ ಹಚ್ಚಿಕೊಂಡು, “ಮೇಷ್ಟ್ರೇ, ಒಳಗಡೆ ಹಲಗೆ ಕಿತ್ತು ನೋಡಿದ್ರಾ?” ಎಂದು ಕೇಳಿದರು. ನೋಡಿರಲಿಲ್ಲ. ತಳದ ಹಲಗೆಗಳನ್ನು ಸ್ಕ್ರೂ ಹಾಕಿ ಕೂರಿಸಿದ್ದರಿಂದ ಅವನ್ನು ಬಿಚ್ಚುವ ಗೋಜಿಗೇ ಹೋಗದೆ ಮೇಲಿನಿಂದಲೇ ನೀರು ಸುರಿದಿದ್ದೆ.

ಮರುದಿನ ಹಲಗೆ ಎತ್ತಿದಾಗ ಕಂಡದ್ದು ಹೀಗಿತ್ತು: ನಡುತಳದಲ್ಲಿ, ನಾನು ಹೊರಗಿನಿಂದ ಟಾರು ಬಿಟ್ಟಿದ್ದ ಅದೇ ಜಾಗದ ಒಳಮೈಯಲ್ಲಿ, ಕೊಳೆತ ಗೋಣಿತಾಟಿನ ಒಂದು ಪದರ, ಅದರ ಕೆಳಗೆ ಹೆಪ್ಪುಗಟ್ಟಿದ ಬಿಳಿಯ ಗಷ್ಟು, ಅದನ್ನು ಕೆರೆದಾಗ ಸಿಡುಬಿನ ಕಲೆಯಂತೆ ನೂರಾರು ಗುಳಿಗಳು. ಬೆಳಕಿಗೆ ಎದುರಾಗಿ ಹಿಡಿದು ಹೊರಗಿನ ಟಾರನ್ನು ತೆಗೆಸಿದಾಗ ಮೂರು ಕಡೆ ಬೆಳಕೇ ಕಂಡಿತು. ನೀರು ಆ ಮೂರು ತೂತುಗಳಲ್ಲಿ ನುಗ್ಗಿ, ಟಾರಿನ ಕಂಬಳಿಗೂ ತಗಡಿಗೂ ನಡುವೆ ಹರಿದು, ಎರಡು ಅಡಿ ಆಚೆಯ ರಿವೆಟ್ ಸಾಲಿನಲ್ಲಿ ಹನಿಯಾಗಿ ತೋರಿಸಿಕೊಂಡಿತ್ತು. ನಾನು ಕಳ್ಳನನ್ನು ಬಿಟ್ಟು ಪಕ್ಕದ ಮನೆಯವನನ್ನು ಹಿಡಿದಿದ್ದೆ. ರಿವೆಟ್ಟುಗಳಲ್ಲಿಯೂ ಸ್ವಲ್ಪ ದೋಷವಿದ್ದುದು ನಿಜ, ಆದರೆ ಅದು ಅಸಲಿನ ಮೇಲಿನ ಬಡ್ಡಿ. ನೀರಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗಿರುವ, ಎರಡು ಮಿ.ಮೀ. ಅಗಲದ ಒಂದೇ ತೂತಿನಿಂದ ಗಂಟೆಗೆ ಹನ್ನೊಂದು ಲೀಟರಿನಷ್ಟು ನೀರು ಒಳಬರುತ್ತದೆ. ಅಂಥ ಮೂರು ಎಂದರೆ ಬಾಮೈದ ಹೇಳಿದ ಮೂರು ಬಕೀಟಿನ ಲೆಕ್ಕ ಹೆಚ್ಚು ಕಡಿಮೆ ಅಲ್ಲಿಯೇ ತೀರಿತು.

ಆ ಬಿಳಿಯ ಗಷ್ಟು ಏನೆಂದು ಕೇಳಿದಾಗ, “ಸುಣ್ಣ ಭಾವ. ಚಳಿಗಾಲದಲ್ಲಿ ಮೀನಿಗೆ ಹುಣ್ಣಾಗ್ತದಲ್ಲ, ಅದಕ್ಕೆ ಎರಚ್ತೀವಿ” ಎಂದ. ಮೂರು ಚಳಿಗಾಲ ಸುಣ್ಣದ ಚೀಲಗಳನ್ನು ದೋಣಿಯ ನಡುವೆ ಹೇರಿ, ಹುಟ್ಟು ಹಾಕುತ್ತಾ ಕೆರೆಯ ತುಂಬ ಎರಚಿದ್ದಾರೆ. ಚೀಲದಿಂದ ಉದುರಿದ ಸುಣ್ಣ ಹಲಗೆಯ ಸಂದಿಯಲ್ಲಿ ಇಳಿದು, ಅಲ್ಲಿನ ಒದ್ದೆ ಗೋಣಿಯಲ್ಲಿ ವರ್ಷಪೂರ್ತಿ ನೆನೆದುಕೊಂಡು ಕೂತಿತ್ತು.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲವೆಂಬ ಮಾತು ಒಂದು ಷರತ್ತಿನ ಮೇಲೆ ನಿಂತಿದೆ. ಗಾಳಿ ಸೋಕಿದೊಡನೆ ಅದರ ಮೇಲೆ ಆಕ್ಸೈಡಿನ ಒಂದು ಪೊರೆ ಬೆಳೆಯುತ್ತದೆ. ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗ. ಗೀಚಿದರೆ ಆ ಕ್ಷಣವೇ ಮತ್ತೆ ಮೂಡುವ ಈ ಪೊರೆಯೇ ಒಳಗಿನ ಲೋಹವನ್ನು ಕಾಯುತ್ತದೆ. ಆದರೆ ಅದು ಬಾಳುವುದು ಹುಳಿಯೂ ಕ್ಷಾರವೂ ಅತಿಯಾಗದ ನೀರಿನಲ್ಲಿ, ಅಂದರೆ ಹುಳಿ-ಕ್ಷಾರದ ಅಳತೆಯಾದ ಪಿಎಚ್ ಸುಮಾರು 4ರಿಂದ 8.5ರ ನಡುವೆ. ನಮ್ಮ ಮನೆಗಳಲ್ಲಿ ‘ಸಿಲ್ವರ್ ಪಾತ್ರೆ’ ಎಂದು ಕರೆಯುವುದು ಬೆಳ್ಳಿಯನ್ನಲ್ಲ, ಇದೇ ಅಲ್ಯೂಮಿನಿಯಮ್ಮನ್ನು. ಅದರಲ್ಲಿ ಹುಣಸೆಹುಳಿ, ಉಪ್ಪಿನಕಾಯಿ ಇಡಬಾರದೆಂದು ಅಮ್ಮ ಬೈಯುತ್ತಿದ್ದುದು ಒಂದು ತುದಿಯ ಕಾರಣಕ್ಕೆ. ಸುಣ್ಣ ಇನ್ನೊಂದು ತುದಿ. ಸುಣ್ಣದ ತಿಳಿನೀರಿನ ಪಿಎಚ್ 12ನ್ನು ದಾಟುತ್ತದೆ. ಅಲ್ಲಿ ಪೊರೆ ಕರಗಿಹೋಗಿ, ಬಯಲಾದ ಲೋಹ ನೀರಿನೊಡನೆ ವರ್ತಿಸಿ ಹೈಡ್ರೋಜನ್ ಅನಿಲವನ್ನು ಬಿಡುತ್ತಾ ತಾನೂ ಕರಗತೊಡಗುತ್ತದೆ.

ಬಾಮೈದ ನಂಬಲಿಲ್ಲ. ಮನೆಯಲ್ಲಿ ಅತ್ತೆಯವರ ಎಲೆಅಡಿಕೆ ತಟ್ಟೆಯಿಂದ ಒಂದು ಬೆರಳು ಸುಣ್ಣ ತೆಗೆದು, ಉಜ್ಜಿ ಹೊಳಪು ಮಾಡಿದ ಒಂದು ತುಂಡು ತಗಡಿನ ಮೇಲಿಟ್ಟು, ನಾಲ್ಕು ಹನಿ ನೀರು ಬಿಟ್ಟು ಜಗಲಿಯ ಮೇಲೆ ಇಟ್ಟೆ. ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಸುಣ್ಣದ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೊಂದಾಗಿ ಏಳುತ್ತಿದ್ದವು. ಬೆಳಿಗ್ಗೆ ಒರೆಸಿ ನೋಡಿದಾಗ ಅಷ್ಟು ಜಾಗ ಮಾತ್ರ ಬೂದಿ ಬಣ್ಣಕ್ಕೆ ತಿರುಗಿ, ಬೆರಳಾಡಿಸಿದರೆ ಒರಟಾಗಿತ್ತು. “ನನ್ನ ಬಾಯಿ ಇಷ್ಟು ವರ್ಷ ಹೆಂಗೆ ತಡೀತಪ್ಪ!” ಎಂದು ಅತ್ತೆ ತಟ್ಟೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

ಗುಳಿಬಿದ್ದ ತಗಡಿನ ದುರಸ್ತಿಯಲ್ಲಿ ಮೊದಲ ಕೆಲಸ ಎಷ್ಟು ಉಳಿದಿದೆ ಎಂದು ತಿಳಿಯುವುದು. ಬಿಳಿಯ ಪುಡಿಯನ್ನೆಲ್ಲ ಬ್ರಷ್ಷಿನಿಂದ ಉಜ್ಜಿ, ನೀರಿನಿಂದ ಹಲವು ಸಲ ತೊಳೆದು, ಒಣಗಿಸಿ, ಸಣ್ಣ ಸುತ್ತಿಗೆಯ ದುಂಡುಮುಖದಿಂದ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಗಟ್ಟಿ ತಗಡು ಸುತ್ತಿಗೆಯನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ತೆಳುವಾದದ್ದು ಹಪ್ಪಳದಂತೆ ಒಳಗೆ ಹೋಗುತ್ತದೆ. ಒಂದೆರಡು ಬಿಡಿ ಗುಳಿಗಳಾಗಿದ್ದರೆ ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಅಂಟನ್ನು ತುಂಬಿದರೆ ಸಾಕು. ನಮ್ಮದರಲ್ಲಿ ಅಂಗೈ ಅಗಲದ ಜಾಗ ಸತ್ವ ಕಳೆದುಕೊಂಡಿದ್ದರಿಂದ ತೇಪೆ ಹಾಕುವುದೆಂದು ತೀರ್ಮಾನಿಸಿದೆ.

ತೇಪೆಗೆ ಕೈಗೆ ಸಿಕ್ಕ ಅಲ್ಯೂಮಿನಿಯಂ ಆಗದು. ಪಾತ್ರೆಯ ತಗಡು ಶುದ್ಧವಾದದ್ದು, ತುಂಬ ಮೆತ್ತಗೆ. ವಿಮಾನಕ್ಕೆ ಬಳಸುವ ಕೆಲವು ಗಟ್ಟಿ ಬಗೆಗಳಲ್ಲಿ ತಾಮ್ರವಿರುವುದರಿಂದ ಅವು ನೀರಿನಲ್ಲಿ ಬೇಗ ಕೆಡುತ್ತವೆ. ದೋಣಿಗೆ ಬೇಕಾದದ್ದು ಮೆಗ್ನೀಸಿಯಂ ಬೆರೆತ 5052 ಅಥವಾ 5083 ಬಗೆಯದು; ಮೊದಲನೆಯದರಲ್ಲಿ ಸುಮಾರು ಎರಡೂವರೆ, ಎರಡನೆಯದರಲ್ಲಿ ಸುಮಾರು ನಾಲ್ಕೂವರೆ ಪ್ರತಿಶತ ಮೆಗ್ನೀಸಿಯಂ ಇರುತ್ತದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಹಳೆಯ ಶಿಷ್ಯನೊಬ್ಬನ ಶೆಡ್ಡಿನಲ್ಲಿ ಎರಡು ಮಿ.ಮೀ. ದಪ್ಪದ 5052 ತಗಡಿನ ಉಳಿಕೆ ತುಂಡು ಸಿಕ್ಕಿತು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ, ಚಹಾ ಕುಡಿಸಿ ಕಳಿಸಿದ.

ಕೆಟ್ಟ ಭಾಗದ ಸುತ್ತ ಎಲ್ಲ ಕಡೆಗೂ ನಾಲ್ಕೈದು ಸೆಂಟಿಮೀಟರ್ ಗಟ್ಟಿ ತಗಡಿನ ಮೇಲೆ ಕೂರುವಂತೆ ತೇಪೆಯನ್ನು ಕತ್ತರಿಸಿ, ಅದರ ನಾಲ್ಕು ಮೂಲೆಗಳನ್ನೂ ದುಂಡಗೆ ಮಾಡಿದೆ. ಚೂಪು ಮೂಲೆಯಲ್ಲಿ ಒತ್ತಡ ಒಟ್ಟುಗೂಡುತ್ತದೆ, ಮೂಲೆ ಎದ್ದು ಬಲೆಗೂ ಸಿಕ್ಕಿಕೊಳ್ಳುತ್ತದೆ. ತೇಪೆಯನ್ನು ಒಳಗೆ ಹಾಕುವುದೋ ಹೊರಗೆ ಹಾಕುವುದೋ ಎಂಬುದರಲ್ಲಿ ಎರಡು ಅಭಿಪ್ರಾಯಗಳಿವೆ. ಒಳಗೆ ಹಾಕಿದರೆ ತಳ ನುಣುಪಾಗಿ ಉಳಿಯುತ್ತದೆ. ಹೊರಗೆ ಹಾಕಿದರೆ ಕೆರೆಯ ನೀರೇ ಅದನ್ನು ತಗಡಿಗೆ ಒತ್ತಿ ಹಿಡಿಯುತ್ತದೆ. ನಾನು ಹೊರಗೇ ಹಾಕಿ, ಅಂಚನ್ನು ಅರದಿಂದ ಓರೆ ಮಾಡಿದೆ. ಗ್ರೈಂಡರ್ ಇದ್ದವರು ಕಬ್ಬಿಣಕ್ಕೆ ಬಳಸುವ ಗಟ್ಟಿ ಚಕ್ರವನ್ನು ಇದಕ್ಕೆ ಬಳಸಬಾರದು; ಮೆತ್ತನೆಯ ಅಲ್ಯೂಮಿನಿಯಂ ಅದರ ರಂಧ್ರಗಳಲ್ಲಿ ತುಂಬಿಕೊಂಡು, ಕಾದು, ಚಕ್ರವೇ ಸಿಡಿಯುವ ಅಪಾಯವಿದೆ. ರಿವೆಟ್ಟುಗಳು ತೇಪೆಯ ಅಂಚಿನಿಂದ ತಮ್ಮ ದಪ್ಪದ ಎರಡು ಪಟ್ಟಾದರೂ ಒಳಗಿರಬೇಕು. ನಾನು ಹತ್ತು ಮಿ.ಮೀ. ಬಿಟ್ಟು, ಒಂದಕ್ಕೊಂದು ಎರಡು ಸೆಂಟಿಮೀಟರ್ ದೂರದಲ್ಲಿ ಸಾಲಾಗಿ ಹೊಡೆದೆ. ಹೊಡೆಯುವ ಮೊದಲು ಎರಡೂ ಮೈಗಳನ್ನು ಒರಟು ಮಾಡಿ, ಅಸಿಟೋನಿನಿಂದ ಒರೆಸಿ, ತಡಮಾಡದೆ ನಡುವೆ ಸೀಲೆಂಟನ್ನು ದಪ್ಪಗೆ ಹಚ್ಚಿದ್ದೆ. ರಿವೆಟ್ ಬಿಗಿದಂತೆಲ್ಲ ಅದು ಅಂಚಿನುದ್ದಕ್ಕೂ ದೋಸೆಯ ಹಿಟ್ಟಿನಂತೆ ಉಕ್ಕಿ ಬಂತು. ಎಲ್ಲಿ ಉಕ್ಕಲಿಲ್ಲವೋ ಅಲ್ಲಿ ಸಾಲದೆಂದು ಅರ್ಥ.

ಹಿಂಬದಿಯ ಸೀಟು ಪಕ್ಕದ ತಗಡಿಗೆ ಸೇರುವ ಮೂಲೆಯಲ್ಲಿ ಕೂದಲೆಳೆಯಂಥ ಒಂದು ಬಿರುಕೂ ಇತ್ತು. ಅದು ಎಲ್ಲಿಗೆ ಮುಗಿಯುತ್ತದೆಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಒಂದು ಕಡೆಯಿಂದ ಡೀಸೆಲ್ ಸವರಿ, ಇನ್ನೊಂದು ಕಡೆ ಕರಿಹಲಗೆಗೆ ಬರೆಯುವ ಚಾಕ್‌ಪೀಸಿನ ಪುಡಿಯನ್ನು ಹಚ್ಚಿಟ್ಟರೆ, ಎಣ್ಣೆ ಬಿರುಕಿನಲ್ಲಿ ನುಸುಳಿ ಬಿಳಿಯ ಮೇಲೆ ಕಪ್ಪು ಗೆರೆಯಾಗಿ ತೋರುತ್ತದೆ. ಚಾಕ್‌ಪೀಸು ಇಲ್ಲವೆಂದು ಬಾಮೈದ ಸುಣ್ಣದ ಪುಡಿಯನ್ನೇ ತರಹೊರಟಿದ್ದ. ನಾನು ತಲೆಯ ಮೇಲೆ ಕೈ ಹೊತ್ತುಕೊಂಡೆ. ಬಿರುಕಿನ ಎರಡೂ ತುದಿಗಳಲ್ಲಿ ಮೂರು ಮಿ.ಮೀ. ತೂತು ಕೊರೆದರೆ ಅದರ ಚೂಪು ಹೋಗಿ ಮುಂದಕ್ಕೆ ಓಡುವುದು ನಿಲ್ಲುತ್ತದೆ. ಆಮೇಲೆ ಬೆಸುಗೆಯೋ ತೇಪೆಯೋ ಯಾವುದಾದರೂ ಆದೀತು.

ಬೆಸುಗೆಯ ವಿಚಾರದಲ್ಲಿ ನನ್ನ ಸಲಹೆ ಖಚಿತವಾದದ್ದು: ಮನೆಯಲ್ಲಿ ಮಾಡಬೇಡಿ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿಗೂ ಮೀರಿದ ಶಾಖ ಬೇಕು. ಕಬ್ಬಿಣದಂತೆ ಇದು ಕೆಂಪಗಾಗಿ ಎಚ್ಚರಿಕೆ ಕೊಡುವುದಿಲ್ಲ. ಬಣ್ಣ ಬದಲಾಗದೆ ನಿಂತಿದ್ದ ತಗಡು ಒಂದು ಗಳಿಗೆಯಲ್ಲಿ ಕುಸಿದು ತೂತಾಗುತ್ತದೆ. ಆರ್ಗಾನ್ ವೆಲ್ಡಿಂಗ್ ಮಾಡುವವರ ಯಂತ್ರ ಎಸಿ ವಿದ್ಯುತ್ತಿನ ಒಂದು ಅರ್ಧಚಕ್ರದಲ್ಲಿ ಪೊರೆಯನ್ನು ಒಡೆದು ಇನ್ನೊಂದರಲ್ಲಿ ಲೋಹವನ್ನು ಕರಗಿಸುತ್ತದೆ, ಆ ಕೆಲಸ ಅವರಿಗೇ ಸಲ್ಲಬೇಕು. ಅವರಿಗೂ ಎರಡು ವಿಷಯ ಹೇಳಬೇಕಾಗುತ್ತದೆ. ಬಿರುಕಿನಲ್ಲಿ ಡೀಸೆಲ್, ಟಾರು, ಸೀಲೆಂಟಿನ ಅಂಶ ಚೂರೇ ಉಳಿದಿದ್ದರೂ ಬೆಸುಗೆ ಹುಳುಕು ಹಲ್ಲಿನಂತೆ ತೂತುತೂತಾಗುತ್ತದೆ; ಸೀಟಿನ ಪೆಟ್ಟಿಗೆಯೊಳಗೆ ತೇಲಲೆಂದು ತುಂಬಿದ ಫೋಮ್ ಇದ್ದರೆ ಅದನ್ನು ಮೊದಲು ತೆಗೆಯದೆ ಹತ್ತಿರ ಬೆಂಕಿ ತರಬಾರದು. ಅಂತರ್ಜಾಲದಲ್ಲಿ ಸಣ್ಣ ಟಾರ್ಚಿನಿಂದ ಕರಗಿಸಿ ಹಚ್ಚುವ ಸತುವಿನ ಕಡ್ಡಿಗಳನ್ನು ತೋರಿಸುತ್ತಾರೆ. ಮೇಜಿನ ಮೇಲಿನ ದಪ್ಪ ತುಂಡಿನ ಮೇಲೆ ಅದು ಚೆನ್ನಾಗಿಯೇ ಕೂರುತ್ತದೆ, ಆದರೆ ಅಲುಗಾಡುವ ತೆಳುತಳಕ್ಕೆ ನಾನು ಅದನ್ನು ನಂಬುವುದಿಲ್ಲ.

ಸೀಟಿನೊಳಗಿನ ಫೋಮನ್ನು ಹೇಗೂ ತೆಗೆದಾಗ ಅದು ನೀರು ಕುಡಿದು ಇಟ್ಟಿಗೆಯಂತೆ ಭಾರವಾಗಿತ್ತು. ಅದರ ಜಾಗಕ್ಕೆ ನೀರು ಹೀರದ ಫೋಮ್ ಹಲಗೆಗಳನ್ನು ಕತ್ತರಿಸಿ ತುಂಬಿದೆವು. ಹಿಂಭಾಗದ ಕೊಳೆತ ಪ್ಲೈವುಡ್ ಬದಲಿಗೆ ಐಎಸ್ 710 ಗುರುತಿನ ಮೆರೈನ್ ಪ್ಲೈ ತಂದು, ಅಂಚು ಮತ್ತು ಬೋಲ್ಟಿನ ತೂತುಗಳಿಗೂ ಬಿಡದೆ ಮೂರು ಕೋಟು ಎಪಾಕ್ಸಿ ಕುಡಿಸಿ ಕೂರಿಸಿದೆ. ತಾಮ್ರದ ಲವಣ ಕುಡಿಸಿದ ಗೆದ್ದಲು ನಿರೋಧಕ ಮರ ಅಲ್ಯೂಮಿನಿಯಮ್ಮಿಗೆ ತಾಗಬಾರದು. ಹಿತ್ತಾಳೆಯ ಸ್ಕ್ರೂ, ತಾಮ್ರದ ರಿವೆಟ್ಟುಗಳ ವಿಷಯದಲ್ಲಿಯೂ ಹಾಗೆಯೇ. ಎರಡು ಲೋಹಗಳು ಒದ್ದೆಯಲ್ಲಿ ಕೂಡಿದರೆ ಸವೆಯುವ ಸರದಿ ಅಲ್ಯೂಮಿನಿಯಮ್ಮಿನದೇ. ಕೆರೆಯ ಸಿಹಿನೀರಿನಲ್ಲಿ ಇದು ಸಮುದ್ರದಷ್ಟು ಬಿರುಸಾಗಿ ನಡೆಯುವುದಿಲ್ಲವಾದರೂ, ಸ್ಟೇನ್‌ಲೆಸ್ ಬೋಲ್ಟಿನ ಕೆಳಗೂ ಒಂದು ನೈಲಾನ್ ವಾಷರ್ ಕೊಟ್ಟು ಸೀಲೆಂಟ್ ಹಚ್ಚುವುದರಿಂದ ಕಳೆದುಕೊಳ್ಳುವುದೇನಿಲ್ಲ.

ಹೊರಮೈಗೆ ಬಣ್ಣ ಹೊಡೆಯಬೇಕೆಂದು ಬಾಮೈದನಿಗೆ ಬಲು ಆಸೆಯಿತ್ತು. ಬೇಡವೆಂದೆ. ನೀರಿನಿಂದ ಆಗಾಗ ಎತ್ತಿಡುವ ದೋಣಿಗೆ ಅದರ ಪೊರೆಯೇ ಸಾಕಾಗುತ್ತದೆ, ಬಣ್ಣ ಎದ್ದಲ್ಲಿ ನೀರು ನಿಂತು ಇನ್ನೊಂದು ಟಾರಿನ ಕಥೆಯಾಗುತ್ತದೆ. ಒಳತಳಕ್ಕೆ ಮಾತ್ರ, ಸುಣ್ಣದ ಭಯದಿಂದ, ಒರಟು ಮಾಡಿ ತೊಳೆದು ಒಣಗಿಸಿ ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆದು ಮೇಲೆ ಎರಡು ಕೋಟು ಎಪಾಕ್ಸಿ ಬಣ್ಣ ಕೊಟ್ಟೆವು. ಹಲಗೆಗಳನ್ನು ಸ್ಕ್ರೂ ಬದಲು ತಿರುಗುಕೊಂಡಿ ಹಾಕಿ, ಕೈಯಿಂದ ಎತ್ತಿ ತೊಳೆಯುವಂತೆ ಮಾಡಿದೆ. ಗೋಣಿತಾಟು, ರಬ್ಬರ್ ಚಾಪೆ ಯಾವುದನ್ನೂ ಹಾಸಬಾರದೆಂದೂ, ಸುಣ್ಣವನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿಯೇ ಒಯ್ಯಬೇಕೆಂದೂ, ಎರಚಿ ಬಂದ ದಿನ ತಪ್ಪದೆ ನಾಲ್ಕು ಬಕೀಟು ನೀರಿನಿಂದ ಒಳಗೆ ತೊಳೆದು, ತಳದ ಬಿರಡೆ ತೆಗೆದು, ಹೊಂಗೆಮರದ ಕೆಳಗೆ ಎರಡು ಟಯರುಗಳ ಮೇಲೆ ಬೋರಲು ಹಾಕಬೇಕೆಂದೂ ಕರಾರು ಮಾಡಿಕೊಂಡೆ. ಅವನು ಒಪ್ಪಿಕೊಂಡ, ಡ್ರಮ್ಮಿನ ದುಡ್ಡನ್ನು ಮಾತ್ರ ನನ್ನಿಂದಲೇ ಕೊಡಿಸಿದ.

ಮೇ ತಿಂಗಳಲ್ಲಿ ಮತ್ತೆ ನೀರು ತುಂಬಿ ಪರೀಕ್ಷಿಸಿದೆವು, ಈ ಸಲ ಹಲಗೆ ಎತ್ತಿ, ಹೊರಗೆ ಒಂದು ಚೂರೂ ಟಾರಿಲ್ಲದಂತೆ. ಎರಡು ಗಂಟೆ ಕಾದೆವು. ತೇಪೆ ಒಣಗಿಯೇ ಇತ್ತು. ಎಡಬದಿಯ ಮೂರನೆಯ ಪಕ್ಕೆಲುಬಿನ ಹತ್ತಿರ ಒಂದು ರಿವೆಟ್ ಮಾತ್ರ ಹತ್ತು ನಿಮಿಷಕ್ಕೊಂದು ಹನಿ ಬಿಡುತ್ತಿತ್ತು. ನಾನು ಡಾಲಿ ತರಲು ಎದ್ದೆ. ಮೋಡ ಕವಿದಿತ್ತು, ಬಾಮೈದ ಆಗಲೇ ಹಗ್ಗ ಬಿಚ್ಚುತ್ತಿದ್ದ. “ಅದೊಂದು ಇರ್ಲಿ ಬಿಡಿ ಭಾವ, ಮುಂದಿನ ಬೇಸಿಗೆಗೆ” ಎಂದ. ಮಾರ್ಕರ್ ಪೆನ್ನು ತೆಗೆದು ಅದರ ಸುತ್ತ ಒಂದು ವೃತ್ತ ಎಳೆದು, ಪಕ್ಕದಲ್ಲಿ ತಾರೀಖು ಬರೆದೆ.